ಕಲ್ಲುಗಳ ಕಥೆ ಓದಿದ ಜೇಮ್ಸ್ ಹಟನ್

ಬೆಟ್ಟ, ಕಣಿವೆ, ಬಂಡೆಗಳನ್ನು ನಾವೆಲ್ಲ ನೋಡುತ್ತೇವೆ. ಅವು ಹೇಗೆ ಹುಟ್ಟಿದವು ಎಂದು ಕೇಳುವವರು ಕಡಿಮೆ. ಹಾಗೆ ಕೇಳಿ, ಉತ್ತರಕ್ಕಾಗಿ ಜೀವ ಸವೆಸಿದವರು ಸ್ಕಾಟ್ಲೆಂಡಿನ ಜೇಮ್ಸ್ ಹಟನ್. ಆಧುನಿಕ ಭೂವಿಜ್ಞಾನದ ಪಿತಾಮಹ ಎಂದು ನಾವು ಅವರನ್ನು ಗೌರವಿಸುತ್ತೇವೆ.

ಹಟನ್ 1726ರಲ್ಲಿ ಎಡಿನ್‌ಬರೋದಲ್ಲಿ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. 1749ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ವೈದ್ಯ ಪದವಿ ಪಡೆದರೂ ಆ ವೃತ್ತಿ ಹಿಡಿಯದೆ, ತಂದೆಯಿಂದ ಬಂದ ಹೊಲದಲ್ಲಿ ಬೇಸಾಯಕ್ಕಿಳಿದರು. ಮಳೆನೀರು ಹೊಲದ ಮಣ್ಣನ್ನು ಕೊಚ್ಚಿ ಹೊಳೆಗೂ, ಹೊಳೆ ಅದನ್ನು ಕಡಲಿಗೂ ಒಯ್ಯುತ್ತಿತ್ತು. ಹೀಗೇ ನಡೆದರೆ ನೆಲವೆಲ್ಲ ಕರಗಿಹೋಗಬೇಕಲ್ಲವೇ? ಹೋಗಿಲ್ಲವೆಂದರೆ ಹೊಸ ನೆಲ ಹುಟ್ಟುತ್ತಲೇ ಇರಬೇಕು. ಕಡಲ ತಳದ ಮಣ್ಣು ಗಟ್ಟಿಯಾಗಿ ಕಲ್ಲಾಗುತ್ತದೆ, ಭೂಮಿಯೊಳಗಿನ ಶಾಖ ಅದನ್ನು ಮೇಲೆತ್ತುತ್ತದೆ ಎಂಬುದು ಅವರ ಸಿದ್ಧಾಂತ. 1785ರಲ್ಲಿ ಅದನ್ನು ಎಡಿನ್‌ಬರೋದ ರಾಯಲ್ ಸೊಸೈಟಿಯ ಮುಂದೆ ಮಂಡಿಸಲಾಯಿತು.

ಆಗ ಅಲ್ಲಿನ ಬಹುಮಂದಿ ಭೂಮಿಯ ವಯಸ್ಸು ಸುಮಾರು 6000 ವರ್ಷ ಎಂದು ನಂಬಿದ್ದರು. ಗ್ರಾನೈಟ್ ಕೂಡ ಆದಿಸಾಗರದ ನೀರಿನಲ್ಲೇ ಹರಳುಗಟ್ಟಿತೆಂದು ಜರ್ಮನಿಯ ವರ್ನರ್ ಅವರ ಅನುಯಾಯಿಗಳು ಹೇಳುತ್ತಿದ್ದರು. ಹಟನ್ ಅವರಿಗೆ ಸಾಕ್ಷಿ ಬೇಕಿತ್ತು. ಅದೇ ವರ್ಷ ಗ್ಲೆನ್ ಟಿಲ್ಟ್ ಕಣಿವೆಯಲ್ಲಿ, ಹಳೆಯ ಪದರಶಿಲೆಯ ಬಿರುಕುಗಳಲ್ಲಿ ಕೆಂಪು ಗ್ರಾನೈಟ್ ನುಗ್ಗಿರುವುದನ್ನು ಕಂಡರು. ಕರಗಿ ಹರಿದ ವಸ್ತುವಷ್ಟೇ ಹಾಗೆ ನುಗ್ಗಬಲ್ಲದು.

1788ರಲ್ಲಿ ಗೆಳೆಯರಾದ ಜಾನ್ ಪ್ಲೇಫೇರ್ ಮತ್ತು ಜೇಮ್ಸ್ ಹಾಲ್ ಅವರೊಡನೆ ದೋಣಿಯಲ್ಲಿ ಸಿಕಾರ್ ಪಾಯಿಂಟ್ ಎಂಬ ಕಡಲಂಚಿಗೆ ಹೋದರು. ಅಲ್ಲಿ ಬೂದು ಕಲ್ಲಿನ ಪದರಗಳು ಕಪಾಟಿನ ಪುಸ್ತಕಗಳಂತೆ ನೆಟ್ಟಗೆ ನಿಂತಿವೆ. ಅವುಗಳ ಮೇಲೆ ಕೆಂಪು ಮರಳುಗಲ್ಲು ತುಸು ಓರೆಯಾಗಿ ಮಲಗಿದೆ. ಬೂದು ಪದರಗಳು ಕಡಲಡಿ ಹರಡಿ, ಕಲ್ಲಾಗಿ, ಮಡಿಚಿ ಮೇಲೆದ್ದು, ಸವೆದ ನಂತರವೇ ಕೆಂಪು ಮರಳು ಅಲ್ಲಿ ಸೇರಿರಬೇಕು. ಇದಕ್ಕೆ ಕೆಲವು ಸಾವಿರ ವರ್ಷ ಯಾವ ಮೂಲೆಗೆ? ಎರಡರ ನಡುವಿನ ಅಂತರ ಸುಮಾರು 6.5 ಕೋಟಿ ವರ್ಷ. ಇಯಾಪಿಟಸ್ ಎಂಬ ಪ್ರಾಚೀನ ಸಾಗರ ಮುಚ್ಚಿಹೋಗಿ, ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ನೆಲಗಳು ಒಂದಕ್ಕೊಂದು ಒತ್ತಿದಾಗ ಆ ಪದರಗಳು ಮಡಿಚಿದವು ಎಂದು ಇಂದು ನಮಗೆ ತಿಳಿದಿದೆ.

ಹಟನ್ ನಾಸ್ತಿಕರೆಂಬ ಆರೋಪವೂ ಬಂತು. ಕಾಯಿಲೆಯಿಂದ ನರಳುತ್ತಿದ್ದರೂ 1795ರಲ್ಲಿ ಎರಡು ಸಂಪುಟಗಳ ಗ್ರಂಥ ಹೊರತಂದರು. ಅದರ ಬರವಣಿಗೆ ಕ್ಲಿಷ್ಟ, ಓದಿದವರು ಕಡಿಮೆ. 1797ರಲ್ಲಿ ಅವರು ತೀರಿಕೊಂಡರು. 1802ರಲ್ಲಿ ಪ್ಲೇಫೇರ್ ಅದೇ ವಿಚಾರಗಳನ್ನು ತಿಳಿಯಾಗಿ ಬರೆದ ಮೇಲೆಯೇ ಜಗತ್ತು ಕಿವಿಗೊಟ್ಟಿತು.

ಮಕ್ಕಳೇ, ಹಟನ್ ಅವರಂತೆ ಕಣ್ತೆರೆದು ನೋಡೋಣ; ಕಂಡದ್ದನ್ನು ಪ್ಲೇಫೇರ್ ಅವರಂತೆ ನಾಲ್ಕು ಜನಕ್ಕೆ ಅರ್ಥವಾಗುವ ಹಾಗೆ ಬರೆಯಲು ಕಲಿಯೋಣ.