ಕಿಟ್ಟೆಲರ ಕ್ರಿಸ್‌ಮಸ್

ಹಾಲುರಾಮೇಶ್ವರದಲ್ಲಿ ಬೆಳೆದ ನನಗೆ ಡಿಸೆಂಬರ್ 25 ಎಂದರೆ ಬಹುಕಾಲ ಬರಿಯ ರಜೆಯ ದಿನವಾಗಿತ್ತು. ಆ ಹಬ್ಬದ ಕಥೆಯನ್ನು ಕನ್ನಡ ಪದ್ಯದಲ್ಲಿ ಹೇಳಿದ ಪರದೇಶದ ಮಹನೀಯರೊಬ್ಬರ ಚರಿತ್ರೆಯನ್ನೋದಿದ ಮೇಲೆ ನನ್ನ ಭಾವನೆ ಬದಲಾಯಿತು.

ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರು 1832ರಲ್ಲಿ ಜರ್ಮನಿಯ ಉತ್ತರದ ಕಡಲ ಸೀಮೆಯಲ್ಲಿ ಜನಿಸಿದರು. ಅಲ್ಲಿ ಕ್ರಿಸ್‌ಮಸ್ ಬರುವುದು ಕೊರೆಯುವ ಚಳಿಯಲ್ಲಿ; ಮನೆಯೊಳಗೆ ಹಸುರು ಮರವನ್ನು ನಿಲ್ಲಿಸಿ ದೀಪ ಹಚ್ಚುವುದು ಜರ್ಮನರ ಪದ್ಧತಿ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಕನ್ನಡ ನಾಡಿಗೆ ಬಂದಾಗ ಅವರು ಇಪ್ಪತ್ತೊಂದರ ತರುಣ. ಧಾರವಾಡದ ಸೀಮೆಯಲ್ಲಿ ಡಿಸೆಂಬರ್ ಎಂದರೆ ಹಿಮವಲ್ಲ, ಬಿಳಿಜೋಳದ ಹೊಲ!

ತವರಿನ ಹಬ್ಬವನ್ನು ನೆನೆದು ಕೊರಗುವುದು ಸುಲಭ. ಕಿಟ್ಟೆಲರು ಕನ್ನಡವನ್ನು ಕಲಿತರು, ನಮ್ಮ ಛಂದಸ್ಸನ್ನೂ ಕಲಿತರು. 1862ರಲ್ಲಿ ‘ಕಥಾಮಾಲೆ’ ಎಂಬ ಕೃತಿಯಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಪದ್ಯದ ಧಾಟಿಯಲ್ಲೇ ರಚಿಸಿದರು. ಅವರು ಬಂದದ್ದು ಮತಪ್ರಚಾರಕ್ಕೆ, ನಿಜ. ಆದರೆ ಕೊಡಲು ಬಂದವರು ಪಡೆಯುವುದನ್ನೂ ಕಲಿತರು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿದರು. ಕಣ್ಣು ಸವೆಯುವಂತೆ ದುಡಿದು, ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದರು.

1903ರ ಡಿಸೆಂಬರ್ 18ರಂದು, ಕ್ರಿಸ್‌ಮಸ್ಸಿಗೆ ಒಂದು ವಾರವಿರುವಾಗ, ತವರುನಾಡಿನ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.

ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಪರಸ್ಥಳಕ್ಕೆ ಹೋಗುವ ನಮ್ಮಂಥ ವಿದ್ಯಾರ್ಥಿಗಳು ಅವರನ್ನು ನೆನೆಯಬೇಕು. ನಮ್ಮ ಹಬ್ಬವನ್ನು ಬಿಡಬೇಕಾಗಿಲ್ಲ. ಅಲ್ಲಿಯವರ ಮಾತನ್ನು ಕಲಿತರೆ ಅದನ್ನು ಅವರೊಡನೆ ಹಂಚಿಕೊಳ್ಳಬಹುದು. ನಮ್ಮೂರ ಕೊಳದ ಬಳಿ ಗಂಗಮ್ಮನಿಗೆ ಕೈಮುಗಿಯುವಾಗ ನನಗೆ ಅನಿಸುವುದುಂಟು: ನಮ್ಮ ‘ಹಬ್ಬ’ಕ್ಕೂ ‘ಜಾತ್ರೆ’ಗೂ ಅರ್ಥ ಬರೆದಿಟ್ಟವರು ಅವರಲ್ಲವೇ!