ದಿನಕ್ಕೊಂದು ಗಿಡದ ಚಿತ್ರ ಬರೆಸಿದ ಡಾಕ್ಟರ್: ಲಾಲ್‌ಬಾಗ್ ಹಿಂದಿನ ಕ್ಲೆಗ್‌ಹಾರ್ನ್ ಕಥೆ

ಆಗಸ್ಟ್ 15 ಬಂತು ಅಂದ್ರೆ ಶಿವಾಜಿನಗರ, ಹಲಸೂರು, ಕೆ.ಆರ್.ಪುರ ಕಡೆಯಿಂದ ಮಕ್ಕಳುಮರಿ ಕಟ್ಟಿಕೊಂಡು ಲಾಲ್‌ಬಾಗ್ ಫ್ಲವರ್ ಶೋಗೆ ಹೋಗುವವರಿಗೆ ಲೆಕ್ಕವಿಲ್ಲ. ತೋಟ ಶುರು ಮಾಡಿದ ಹೈದರಾಲಿ, ಬೆಳೆಸಿದ ಟಿಪ್ಪು ಎಲ್ಲರಿಗೂ ಗೊತ್ತು. ಗಾಜಿನ ಮನೆ ಕಾಲದ ಕ್ಯಾಮರಾನ್, ಆಮೇಲೆ ಬಂದ ಕ್ರುಂಬಿಗಲ್ ಹೆಸರನ್ನೂ ಕೆಲವರು ಹೇಳ್ತಾರೆ. ಆದರೆ ಇವರ ನಡುವೆ ಒಬ್ಬ ಡಾಕ್ಟರ್ ಇದ್ದರು. ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನ ಆಗಬೇಕು ಅಂತ ಶಿಫಾರಸು ಮಾಡಿದವರು ಅವರೇ, ಡಾ. ಹ್ಯೂ ಕ್ಲೆಗ್‌ಹಾರ್ನ್. ಅವರ ಗಿಡದ ಹುಚ್ಚಿನ ಕಥೆಯಲ್ಲಿ, ಊರು ಮರೆತ ಇನ್ನೊಬ್ಬ ಕಲಾವಿದರೂ ಇದ್ದಾರೆ.

ಮದ್ರಾಸಲ್ಲಿ ಹುಟ್ಟು, ಸ್ಕಾಟ್ಲೆಂಡಲ್ಲಿ ಓದು

ಕ್ಲೆಗ್‌ಹಾರ್ನ್ ಹುಟ್ಟಿದ್ದು 1820ರಲ್ಲಿ, ಮದ್ರಾಸಿನಲ್ಲಿ. ಅಪ್ಪ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿ. ನಾಲ್ಕು ವರ್ಷಕ್ಕೇ ಮಗುವನ್ನು ಸ್ಕಾಟ್ಲೆಂಡಿಗೆ, ಸ್ಟ್ರಾವಿಥಿ ಅನ್ನೋ ಊರಿನ ಅಜ್ಜನ ಮನೆಗೆ ಕಳಿಸಿದರು. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ 1841ರಲ್ಲಿ ಎಂ.ಡಿ. ಆದರು. ಆ ಕಾಲದಲ್ಲಿ ಔಷಧಿ ಬಹುಪಾಲು ಗಿಡದಿಂದಲೇ ಬರ್ತಿತ್ತು, ಹಾಗಾಗಿ ಡಾಕ್ಟರ್ ಆಗುವವರು ಸಸ್ಯಶಾಸ್ತ್ರವನ್ನೂ ಓದಲೇಬೇಕಿತ್ತು. ಈ ಹುಡುಗನಿಗೆ ಆ ಪಾಠ ತಲೆಗೆ ಹತ್ತಿತು. 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸರ್ಜನ್ ಆಗಿ ವಾಪಸ್ ಮದ್ರಾಸಿಗೆ ಬಂದರು.

ಮೈಸೂರು ರಾಜ್ಯದ ಆಡಳಿತ ಆಗ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್. ಈ ಆಡಳಿತದ ಕೆಳಗೆ ಕ್ಲೆಗ್‌ಹಾರ್ನ್‌ಗೆ ಶಿವಮೊಗ್ಗಕ್ಕೆ ಪೋಸ್ಟಿಂಗ್ ಸಿಕ್ಕಿತು. 1845ರಿಂದ 1847ರವರೆಗೆ ಅಲ್ಲಿದ್ದರು.

ಶಿವಮೊಗ್ಗದ ದಿನಚರಿ

ದಿನಕ್ಕೊಂದು ಗಿಡ ಹಿಡಿದು ಕಾಲು ಗಂಟೆಯಾದರೂ ನೋಡು ಅಂತ ಹಿರಿಯ ಸಸ್ಯಶಾಸ್ತ್ರಜ್ಞ ಹೂಕರ್ ಕೊಟ್ಟ ಸಲಹೆಯನ್ನು ಕ್ಲೆಗ್‌ಹಾರ್ನ್ ಅಕ್ಷರಶಃ ಪಾಲಿಸಿದರು. ತಾವು ನೋಡಿದ್ದು ಸಾಲದು ಅಂತ, ಒಬ್ಬ ಮರಾಠಿ ಚಿತ್ರಕಾರರನ್ನು ಇಟ್ಟುಕೊಂಡು ದಿನಕ್ಕೊಂದು ಗಿಡದ ಚಿತ್ರ ಬರೆಸೋಕೆ ಶುರು ಮಾಡಿದರು.

ಚಿತ್ರ ಯಾಕೆ ಬೇಕಿತ್ತು? ಕೈಗೆ ಸಿಗುವಂಥ ಕ್ಯಾಮರಾ ಇರಲಿಲ್ಲ. ಗಿಡವನ್ನು ಕಾಗದದ ನಡುವೆ ಇಟ್ಟು ಒತ್ತಿ ಒಣಗಿಸಿದರೆ ಆಕಾರ ಉಳಿಯುತ್ತೆ, ಬಣ್ಣ ಹೋಗುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಹಾಗೆ ಒಣಗಿಸಿದ್ದೂ ಬೂಷ್ಟು ಹಿಡಿಯುತ್ತೆ. ಕಾಗದದ ಮೇಲೆ ಬರೆದದ್ದು ಮಾತ್ರ ಇದ್ದಂತೆ ಇರುತ್ತೆ.

ಆದರೆ ಇದು ಗೋಡೆಗೆ ತೂಗುಹಾಕುವ ಹೂವಿನ ಚಿತ್ರದ ಥರ ಅಲ್ಲ. ಎಲೆ ಕಡ್ಡಿಗೆ ಎದುರುಬದುರಾಗಿ ಅಂಟಿದೆಯಾ, ಒಂದಾದ ಮೇಲೊಂದಾ? ಎಸಳು ಎಷ್ಟು, ಕೇಸರ ಎಷ್ಟು? ಕಾಯಿ ಸೀಳಿದರೆ ಬೀಜ ಹೇಗೆ ಕೂತಿದೆ? ಎಲ್ಲಾ ಸರಿಯಾಗಿರಬೇಕು. ಚಂದ ಕಾಣಲಿ ಅಂತ ಒಂದು ಎಸಳು ಜಾಸ್ತಿ ಬರೆದರೂ ಗಿಡದ ಗುರುತೇ ತಪ್ಪುತ್ತೆ. ಅದೂ ಕಿತ್ತು ತಂದ ಹೂವು ಬಾಡೋದರೊಳಗೆ ಮುಗಿಸಬೇಕು. ಹೀಗೆ ನೂರಾರು ಚಿತ್ರ ಸೇರಿದವು.

ಬೇಲಿಯಿಂದ ಕಾಡಿಗೆ

ಆರೋಗ್ಯ ಕೆಟ್ಟು 1848ರಲ್ಲಿ ಕ್ಲೆಗ್‌ಹಾರ್ನ್ ರಜೆ ಮೇಲೆ ಬ್ರಿಟನ್ನಿಗೆ ಹೋದರು. ಅಲ್ಲೂ ಸುಮ್ಮನೆ ಕೂರಲಿಲ್ಲ. 1850ರಲ್ಲಿ ಭಾರತದ ಬೇಲಿ ಗಿಡಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಯಾವ ಜಾಗಕ್ಕೆ, ಯಾವ ಕೆಲಸಕ್ಕೆ ಯಾವ ಬೇಲಿ ಸರಿ ಅನ್ನೋದೇ ಅದರ ವಿಷಯ. ಹೊಲದ ಸುತ್ತ ಕಳ್ಳಿ, ಕತ್ತಾಳೆ ಬೇಲಿ ನೋಡಿದ ಹಿರಿಯರು ಕೆ.ಆರ್.ಪುರ ಕಡೆ ಇನ್ನೂ ಇದ್ದಾರೆ, ಅವರಿಗೆ ಇದರ ಬೆಲೆ ಗೊತ್ತು. ಆಮೇಲೆ ಕಾಡು ಕಡಿದರೆ ಏನಾಗುತ್ತೆ ಅನ್ನೋದರ ಬಗ್ಗೆ ಬ್ರಿಟಿಷ್ ಅಸೋಸಿಯೇಷನ್ ಒಂದು ಸಮಿತಿ ಮಾಡಿತು. 1851ರಲ್ಲಿ ಅದರ ವರದಿ ಬಂತು. ಅದನ್ನು ಸಿದ್ಧಮಾಡಿದವರಲ್ಲಿ ಕ್ಲೆಗ್‌ಹಾರ್ನ್ ಮುಖ್ಯರು.

ಮತ್ತೆ ಮದ್ರಾಸಿಗೆ ಬಂದು ಮೆಡಿಕಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆದರು. ಅಲ್ಲೂ ಚಿತ್ರ ಬರೆಸೋದು ನಿಲ್ಲಲಿಲ್ಲ. ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಹತ್ತಿರ ಪಳಗಿದ್ದ ಗೋವಿಂದು ಅನ್ನೋ ಕಲಾವಿದರು ಇವರಿಗೂ ಬರೆದುಕೊಟ್ಟರು. ಈ ಗೋವಿಂದು ಹೆಸರನ್ನೇ ವೈಟ್ ಒಂದು ಆರ್ಕಿಡ್ ಕುಲಕ್ಕೆ ಇಟ್ಟಿದ್ದರು.

ಲಾಲ್‌ಬಾಗಿಗೆ ಹೊಸ ಜನ್ಮ

ಇತ್ತ ಬೆಂಗಳೂರಲ್ಲಿ 1809ರಲ್ಲೇ ಹಲಸೂರಿನ ಪಕ್ಕ ದಂಡು ಪ್ರದೇಶ ಎದ್ದಿತ್ತು. ದಂಡಿನಲ್ಲಿದ್ದ ಗಿಡಪ್ರೇಮಿಗಳು 1830ರ ದಶಕದಲ್ಲಿ ಒಂದು ಕೃಷಿ-ತೋಟಗಾರಿಕೆ ಸಂಘ ಕಟ್ಟಿಕೊಂಡು ಲಾಲ್‌ಬಾಗ್ ನೋಡಿಕೊಳ್ತಿದ್ದರು. ವಿಲಿಯಂ ಮನ್ರೋ ಅನ್ನೋ ಸೇನಾಧಿಕಾರಿ 1837ರಲ್ಲಿ ಇಲ್ಲಿನ ಗಿಡಗಳ ಪಟ್ಟಿಯನ್ನೇ ಪುಸ್ತಕ ಮಾಡಿದ್ದರು. ಆದರೆ 1842ರಲ್ಲಿ ಸಂಘ ಮುಚ್ಚಿತು.

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನ ಆಯಿತು. ಇದರ ಹಿಂದೆ ಇದ್ದದ್ದು ಕ್ಲೆಗ್‌ಹಾರ್ನ್ ಸಲಹೆ. ಈ ತೋಟ ವ್ಯಾಪಾರಕ್ಕೆ ಅಲ್ಲ, ಇಲ್ಲಿನ ಗಿಡಗಳ ಉಪಯೋಗ ಹೆಚ್ಚಿಸೋಕೆ, ಹೊರಗಿನ ಒಳ್ಳೆ ಗಿಡ ತರೋಕೆ, ಮದ್ರಾಸು, ಕಲ್ಕತ್ತ, ಊಟಿ ತೋಟಗಳ ಜೊತೆ ಬೀಜ ಸಸಿ ಕೊಟ್ಟು ತಗೊಳ್ಳೋಕೆ ಇರಬೇಕು ಅನ್ನೋದು ಅವರ ನಿಲುವು. 1858ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ ವಿಲಿಯಂ ನ್ಯೂ ಬಂದು ಉಸ್ತುವಾರಿ ವಹಿಸಿಕೊಂಡರು.

ಕಾಡು ಉಳಿಸಿದರು, ಕುಮರಿಯವರ ಕಥೆ?

ಅದೇ 1856ರಲ್ಲಿ ಕ್ಲೆಗ್‌ಹಾರ್ನ್ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿ ಆದರು. ಕಾರವಾರ, ಮಂಗಳೂರು ಇರುವ ಕೆನರಾ ಜಿಲ್ಲೆಯೂ ಆಗ ಮದ್ರಾಸಿಗೇ ಸೇರಿತ್ತು. ರೈಲ್ವೆ ಹಳಿ ಕೆಳಗೆ ಹಾಸೋಕೆ ಮರದ ಸ್ಲೀಪರ್ ಬೇಕು, ಇಂಜಿನ್ನಿಗೆ ಸೌದೆ ಬೇಕು ಅಂತ ಕಾಡು ಕರಗುತ್ತಿದ್ದ ಕಾಲ ಅದು. ಕೆ.ಆರ್.ಪುರದ ಮೇಲೆ ಹಾದು ಕಂಟೋನ್ಮೆಂಟಿಗೆ ರೈಲು ಬಂದಿದ್ದೂ ಆ ಕಾಲದಲ್ಲೇ, 1864ರಲ್ಲಿ.

ಕಾಡು ಹಾಳಾಗೋಕೆ ಕುಮರಿ ಬೇಸಾಯವೂ ಕಾರಣ ಅಂತ ಕ್ಲೆಗ್‌ಹಾರ್ನ್ ಬಲವಾಗಿ ನಂಬಿದ್ದರು. ಕಾಡಿನ ಒಂದು ತುಂಡು ಕಡಿದು, ಸುಟ್ಟು, ಒಂದೆರಡು ಬೆಳೆ ತೆಗೆದು ಮುಂದೆ ಹೋಗೋದು ಕುಮರಿ. 1860ರಲ್ಲಿ ಮದ್ರಾಸ್ ಸರ್ಕಾರ ಅದಕ್ಕೆ ತಡೆ ಹಾಕಿತು. ಮರ ಉಳಿದಿರಬಹುದು, ಆದರೆ ತಲೆತಲಾಂತರದಿಂದ ಕುಮರಿ ನಂಬಿದ್ದ ಕಾಡಿನ ಜನರ ಹೊಟ್ಟೆ ಮೇಲೆ ಹೊಡೆತ ಬಿತ್ತು. ಒಂದೊಂದು ಎಲೆಯನ್ನೂ ತಾಳ್ಮೆಯಿಂದ ನೋಡಿದವರು ಆ ಜನರ ಬದುಕನ್ನು ಅಷ್ಟೇ ತಾಳ್ಮೆಯಿಂದ ನೋಡಲಿಲ್ಲ ಅನ್ನೋ ಮಾತು ಉಳಿದೇ ಇದೆ.

ಉಳಿದದ್ದು ಯಾರ ಹೆಸರು?

1861ರಲ್ಲಿ ದಕ್ಷಿಣ ಭಾರತದ ಕಾಡು, ತೋಟಗಳ ಬಗ್ಗೆ ಅವರ ಪುಸ್ತಕ ಬಂತು. ಆಮೇಲೆ ಪಂಜಾಬಿನ ಕಾಡುಗಳಲ್ಲೂ ಕೆಲಸ ಮಾಡಿ ಸ್ಕಾಟ್ಲೆಂಡಿಗೆ ವಾಪಸ್ಸಾದರು. 1895ರಲ್ಲಿ ಸ್ಟ್ರಾವಿಥಿಯಲ್ಲಿ ತೀರಿಕೊಂಡರು. ಶಿವಮೊಗ್ಗದ ಚಿತ್ರಗಳು ಈಗ ಎಡಿನ್‌ಬರೋ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ. 2016ರಲ್ಲಿ ಹೆನ್ರಿ ನಾಲ್ಟಿ ಅನ್ನೋ ಸಸ್ಯಶಾಸ್ತ್ರಜ್ಞರು ಕ್ಲೆಗ್‌ಹಾರ್ನ್ ಜೀವನದ ಬಗ್ಗೆ ಒಂದು, ಈ ಚಿತ್ರಗಳ ಬಗ್ಗೆ ಒಂದು ಪುಸ್ತಕ ಬರೆದರು.

ಕ್ಲೆಗ್‌ಹಾರ್ನ್ ಹೆಸರಲ್ಲಿ ಒಂದು ಸಸ್ಯ ಕುಲವೇ ಇದೆ, ಕ್ಲೆಗ್‌ಹಾರ್ನಿಯಾ. ಗೋವಿಂದು ಹೆಸರೂ ಸಿಕ್ಕಿತು. ಮುಂದೆ ಲಾಲ್‌ಬಾಗಿನಲ್ಲೇ ಗಿಡಗಳ ಚಿತ್ರ ಬರೆದ ಚೆಲುವಯ್ಯ ರಾಜು ಅವರ ಹೆಸರೂ ಉಳಿಯಿತು. ಆದರೆ ಶಿವಮೊಗ್ಗದಲ್ಲಿ ದಿನಾ ಕೂತು, ಹೂವು ಬಾಡೋದರೊಳಗೆ ಬಣ್ಣ ತುಂಬಿದ ಆ ಮರಾಠಿ ಚಿತ್ರಕಾರರು ಬರೀ ಮರಾಠಿ ಚಿತ್ರಕಾರರಾಗಿಯೇ ಉಳಿದರು. ಅವರ ಕೈಬರಹದಂತಿರುವ ಚಿತ್ರಗಳಿವೆ, ಹೆಸರಿಲ್ಲ.

ಈ ಸಲ ಲಾಲ್‌ಬಾಗಿಗೆ ಹೋದಾಗ ಮರಗಳ ಮೇಲಿನ ಹೆಸರಿನ ಫಲಕ ಓದುವಾಗ ಆ ಚಿತ್ರಕಾರರನ್ನೂ ಒಂದು ಸಲ ನೆನೆಸಿಕೊಳ್ಳಿ. ಮಕ್ಕಳ ಕೈಗೆ ಒಂದು ಪೆನ್ಸಿಲ್ಲು, ನೋಟ್‌ಬುಕ್ಕು ಕೊಟ್ಟು, ಯಾವುದಾದರೂ ಒಂದು ಎಲೆಯ ಮುಂದೆ ಕಾಲು ಗಂಟೆ ಕೂರಿಸಿದರೆ ಇನ್ನೂ ಒಳ್ಳೇದು.