ಗಾಜಿನ ಪಾತ್ರೆಯೊಳಗಿನ ಮುಗಿಲು

ಮಳೆಗಾಲದಲ್ಲಿ ಕೊಲ್ಲೂರಿನಿಂದ ಮೂಡಣಕ್ಕೆ ಕಣ್ಣು ಹಾಯಿಸಿದರೆ ಕೊಡಚಾದ್ರಿಯ ನೆತ್ತಿ ಮುಗಿಲಿನಲ್ಲಿ ಮರೆಯಾಗಿರುತ್ತದೆ. ಪಡುಗಡಲಿನ ತೇವದ ಗಾಳಿಯು ಘಟ್ಟವನ್ನೇರುತ್ತ ಹೋದಂತೆ ಅದರ ಮೇಲಣ ಒತ್ತಡ ತಗ್ಗುತ್ತದೆ. ಒತ್ತಡ ತಗ್ಗಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣಿಯುತ್ತದೆ. ಆಗ ಅದರೊಳಗಣ ಆವಿ ಹನಿಗಟ್ಟುತ್ತದೆ. ಈ ವ್ಯಾಪಾರವನ್ನೇ ಗಾಜಿನ ಪಾತ್ರೆಯಲ್ಲಿ ನಡೆಯಿಸಿ ಲೋಕವಿಖ್ಯಾತನಾದವನು ಸಿ. ಟಿ. ಆರ್. ವಿಲ್ಸನ್.

ವಿಲ್ಸನ್ 1869ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಬಳಿಯ ರೈತಕುಟುಂಬದಲ್ಲಿ ಜನಿಸಿದನು. ನಾಲ್ಕನೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡನು. ಮಲ ಅಣ್ಣನೊಬ್ಬನ ಹಣದ ನೆರವಿನಿಂದ ವಿದ್ಯಾಭ್ಯಾಸ ಸಾಗಿತು. ವೈದ್ಯನಾಗಲೆಂದು ಮ್ಯಾಂಚೆಸ್ಟರಿನಲ್ಲಿ ಓದತೊಡಗಿದ ಹುಡುಗನು ಕೇಂಬ್ರಿಜ್ ಸೇರಿದ ಮೇಲೆ ಭೌತವಿಜ್ಞಾನದ ಕಡೆಗೆ ಒಲಿದನು.

1894ರ ಸೆಪ್ಟೆಂಬರಿನಲ್ಲಿ ಅವನು ಬೆನ್ ನೆವಿಸ್ ಬೆಟ್ಟದ ವೀಕ್ಷಣಾಲಯದಲ್ಲಿ ಎರಡು ವಾರ ತಂಗಿದನು. ಎತ್ತರದಲ್ಲಿ ಆ ಬೆಟ್ಟ ನಮ್ಮ ಕೊಡಚಾದ್ರಿಗೆ ಸರಿಜೋಡಿ. ಎರಡೂ ಸುಮಾರು 1,340 ಮೀಟರುಗಳ ಶಿಖರಗಳು. ಮೋಡದ ತೆರೆಯಲ್ಲಿ ಸೂರ್ಯನ ಸುತ್ತ ಮೂಡುವ ಬಣ್ಣದ ಬಳೆಗಳನ್ನೂ, ಮಂಜಿನ ಮೇಲೆ ಬಿದ್ದ ನೆರಳಿನ ಪ್ರಭಾವಳಿಯನ್ನೂ ಅಲ್ಲಿ ಕಂಡು ಬೆರಗಾದನು. ಅವನ್ನು ಪ್ರಯೋಗಶಾಲೆಯಲ್ಲಿ ಸೃಷ್ಟಿಸಬೇಕೆಂಬ ಹಂಬಲ ಅಂದೇ ಹುಟ್ಟಿತು.

ಹನಿಗಟ್ಟಲು ಆವಿಗೆ ಧೂಳಿನ ಕಣವೊಂದರ ಆಸರೆ ಬೇಕೆಂದು ಜಾನ್ ಏಟ್ಕನ್ ಮೊದಲೇ ತೋರಿಸಿದ್ದನು. ವಿಲ್ಸನ್ನನು ಧೂಳನ್ನೆಲ್ಲ ನೀಗಿಸಿದ ತೇವದ ಗಾಳಿಯನ್ನು ಥಟ್ಟನೆ ಹಿಗ್ಗಿಸಿ ನೋಡಿದನು. ಆವಿಯ ಪ್ರಮಾಣ ಪರ್ಯಾಪ್ತ ಸ್ಥಿತಿಯ ಸುಮಾರು ನಾಲ್ಕು ಪಟ್ಟು ಮುಟ್ಟಿದಾಗ ಆಗಲೂ ಹನಿಗಳು ಮೂಡಿದವು! 1896ರಲ್ಲಿ ಕ್ಷಕಿರಣಗಳನ್ನು ಹಾಯಿಸಿದಾಗ ಹನಿಗಳು ದಟ್ಟವಾದವು. ವಿದ್ಯುದಂಶವುಳ್ಳ ಕಣಗಳಾದ ಅಯಾನುಗಳೇ ಇಲ್ಲಿ ಹನಿಗಳ ಬೀಜವೆಂದು ತಿಳಿಯಿತು. 1911ರಲ್ಲಿ, ಕಣ್ಣಿಗೆ ಕಾಣದ ಪರಮಾಣುಕಣಗಳು ಓಡಿದ ಜಾಡು ಹನಿಗಳ ಸಾಲಾಗಿ ಛಾಯಾಚಿತ್ರದಲ್ಲಿ ಮೂಡಿತು. ಈ ಮೇಘಕೋಷ್ಠಕ್ಕಾಗಿ 1927ರಲ್ಲಿ ಕಾಂಪ್ಟನ್ನನೊಡನೆ ಅವನಿಗೆ ನೊಬೆಲ್ ಪಾರಿತೋಷಿಕ ಲಭಿಸಿತು. 1932ರಲ್ಲಿ ಆಂಡರ್ಸನ್ನನು ಪಾಸಿಟ್ರಾನನ್ನು ಕಂಡದ್ದೂ ಇಂಥ ಉಪಕರಣದಲ್ಲಿಯೇ.

ಆದರೆ ವಿಧಿಯ ವಿನೋದವನ್ನು ನೋಡಿರಿ. ಆಕಾಶದ ಮೋಡದಲ್ಲಿ ಆವಿಯು ಪರ್ಯಾಪ್ತ ಸ್ಥಿತಿಯನ್ನು ಮೀರುವುದು ಸಾಮಾನ್ಯವಾಗಿ ನೂರಕ್ಕೆ ಒಂದರಷ್ಟೂ ಇಲ್ಲ. ಅಷ್ಟರಿಂದ ಅಯಾನಿನ ಮೇಲೆ ಹನಿ ಕಟ್ಟದು. ಮರವಂತೆಯ ದಡದಲ್ಲಿ ಅಲೆಯೊಡೆದು ಚಿಮ್ಮುವ ಉಪ್ಪಿನ ಕಣ, ನೆಲದಿಂದೇಳುವ ಧೂಳು, ಹೊಗೆ, ಇವೇ ನಿಜವಾದ ಮುಗಿಲಿನ ಬೀಜಗಳು. ಅಂಥ ಹನಿಗಳು ಹತ್ತು ಲಕ್ಷದಷ್ಟು ಕೂಡಿದರೆ ಮಳೆಯ ಒಂದು ಹನಿ. ಮುಗಿಲನ್ನು ಅರಿಯಹೊರಟವನ ಉಪಕರಣವು ಮುಗಿಲಿಗಿಂತ ಮಿಗಿಲಾಗಿ ಪರಮಾಣುವಿನ ಗುಟ್ಟನ್ನು ಬಿಡಿಸಿತು.

ಆದರೂ ವಿಲ್ಸನ್ನನು ಮುಗಿಲನ್ನು ಮರೆಯಲಿಲ್ಲ. 1895ರಲ್ಲಿ ಬೆಟ್ಟದ ಮೇಲೆ ಗುಡುಗುಮಳೆಗೆ ಸಿಕ್ಕಿ ಕೂದಲು ನಿಮಿರಿದ ಅನುಭವವು ಅವನನ್ನು ಮಿಂಚಿನ ಅಧ್ಯಯನಕ್ಕೆ ಎಳೆದಿತ್ತು. ಪ್ರಶಸ್ತಿಯ ಬಳಿಕ ಮೂರು ದಶಕಗಳು ಕಳೆಯುತ್ತ ಬಂದಾಗ, 1956ರಲ್ಲಿ, ಎಂಬತ್ತೇಳರ ಆ ವೃದ್ಧನು ಗುಡುಗುಮೋಡದ ವಿದ್ಯುತ್ತನ್ನು ಕುರಿತ ತನ್ನ ಕೊನೆಯ ಪ್ರಬಂಧವನ್ನು ಪ್ರಕಟಿಸಿದನು. 1959ರಲ್ಲಿ, ತಾನು ಹುಟ್ಟಿದ ಸೀಮೆಯಲ್ಲಿಯೇ, ಕಣ್ಣು ಮುಚ್ಚಿದನು.